ಗುಮಾಸ್ತನಿಗೆ ಎರಡು ವಿಚಾರಣೆ, ಮಂತ್ರಿಗೆ ಒಂದೇ

(ಹಾವೇರಿಯಲ್ಲಿ ವಕೀಲರು ಮತ್ತು ಪದವಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಹಿರಿಯ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ನೀತಿ ನಿಯಮಗಳನ್ನು ಮುರಿದ ರಾಜಕಾರಣಿಗಳಿಗೆ ತಕ್ಕ ಶಿಕ್ಷೆ ಆಗುತ್ತಿದೆಯೇ ಎಂಬ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟಿದ್ದೀರಿ. ಆಗುತ್ತಿಲ್ಲ ಎಂಬುದು ನಿಮಗೂ ಗೊತ್ತು. ಅಷ್ಟನ್ನೇ ಹೇಳುವುದಕ್ಕೆ ಉಪನ್ಯಾಸ ಬೇಕಾಗಿಲ್ಲ. ಏಕೆ ಆಗುತ್ತಿಲ್ಲ ಎಂದು ಕೇಳಿದರೆ ಬಹಳ ಜನ ಕೊಡುವ ಉತ್ತರ, ಕಾನೂನು ಬಿಗಿಯಾಗಿಲ್ಲ, ಶಿಕ್ಷೆ ಹೆಚ್ಚಬೇಕು ಎಂಬುದು. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ ಸಾಬೀತಾಗಿ ಬರೀ ದಂಡ ಬಿದ್ದರೂ ಶಾಸಕನೊಬ್ಬ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಬೇರೆ ಅಪರಾಧಗಳಲ್ಲಿ ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ ಸ್ಥಾನ ಹೋಗುತ್ತದೆ. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ದಾರಿಯೊಂದಿತ್ತು. ಅದನ್ನೂ 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿತು. ಕಾಗದದ ಮೇಲೆ ಶಿಕ್ಷೆಗೆ ಬರವಿಲ್ಲ.

ನನ್ನ ವಾದ ಬೇರೆ. ನೀತಿಗೆ ಸಂಬಂಧಿಸಿದ ಪ್ರತಿಯೊಂದು ಪ್ರಶ್ನೆಯನ್ನೂ ನಾವು ಕ್ರಿಮಿನಲ್ ಕೋರ್ಟಿನ ಕಟ್ಟೆಗೆ ಸಾಗಹಾಕಿದ್ದೇವೆ. ಅಲ್ಲಿ ಸಾಬೀತಾಗದಿದ್ದರೆ ತಪ್ಪೇ ನಡೆದಿಲ್ಲ ಎಂದು ನಂಬಲು ಕಲಿತಿದ್ದೇವೆ. ಜೈಲಿಗೂ ಹೂಮಾಲೆಗೂ ನಡುವೆ ಏನೂ ಇಲ್ಲದಂತಾಗಿದೆ.

ಇದು ಸ್ಪಷ್ಟವಾಗಬೇಕಾದರೆ ತಹಶೀಲ್ದಾರ್ ಕಚೇರಿಯಿಂದ ಆರಂಭಿಸೋಣ. ಪಹಣಿಯಲ್ಲಿ ಹೆಸರು ದಾಖಲಿಸಲು ಗುಮಾಸ್ತನೊಬ್ಬ ರೈತನ ಹತ್ತಿರ ಐದು ಸಾವಿರ ಕೇಳಿದ ಎಂದಿಟ್ಟುಕೊಳ್ಳಿ. ರೈತ ಲೋಕಾಯುಕ್ತ ಪೊಲೀಸರಲ್ಲಿ ದೂರು ಕೊಡುತ್ತಾನೆ. ನೋಟುಗಳ ನಂಬರು ಬರೆದುಕೊಂಡು, ಅವುಗಳಿಗೆ ಫಿನಾಫ್ಥಲೀನ್ ಪುಡಿ ಸವರಿ, ಪಂಚರನ್ನು ಜೊತೆಗೆ ಕೊಟ್ಟು ಕಳಿಸುತ್ತಾರೆ. ಗುಮಾಸ್ತ ಹಣ ಎಣಿಸಿ ಜೇಬಿಗೆ ಹಾಕುತ್ತಿದ್ದಂತೆ ಪೊಲೀಸರು ಒಳಗೆ ಬರುತ್ತಾರೆ. ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅವನ ಬೆರಳುಗಳನ್ನು ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಅರಗಿನ ಮುದ್ರೆ ಒತ್ತಿ, ಪಂಚನಾಮೆ ಬರೆದು ಸಹಿ ಹಾಕಿಸುತ್ತಾರೆ. ಇಲ್ಲಿರುವ ಕಿರಿಯ ವಕೀಲರಲ್ಲಿ ಕೆಲವರು ಆ ಬಾಟಲಿಯನ್ನು ಸಾಕ್ಷಿಯ ಮೇಜಿನ ಮೇಲೆ ನೋಡಿರಬೇಕು. ವರ್ಷಗಳ ಮೇಲೆ ತೆಗೆದಾಗ ಬಣ್ಣ ಮಾಸಿರುತ್ತದೆ, ಅದರ ಮೇಲೇ ಅರ್ಧ ದಿನ ಪಾಟೀಸವಾಲು ನಡೆಯುತ್ತದೆ. ಇರಲಿ, ವಿಷಯಕ್ಕೆ ಬರುತ್ತೇನೆ.

ಆ ಗುಮಾಸ್ತನಿಗೆ ಮುಂದೆ ಏನಾಗುತ್ತದೆ? 48 ಗಂಟೆಗಿಂತ ಹೆಚ್ಚು ಕಾಲ ಬಂಧನದಲ್ಲಿದ್ದರೆ ನಮ್ಮ ರಾಜ್ಯದ ಸೇವಾ ನಿಯಮಗಳ ಪ್ರಕಾರ ಅವನು ಅಮಾನತಾದಂತೆಯೇ. ಕೋರ್ಟಿನಲ್ಲಿ ಕ್ರಿಮಿನಲ್ ಮೊಕದ್ದಮೆ ಒಂದು ಕಡೆ, ಇಲಾಖಾ ವಿಚಾರಣೆ ಇನ್ನೊಂದು ಕಡೆ ನಡೆಯುತ್ತವೆ. ಕೋರ್ಟು ಕೇಳುವುದು, ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಿದೆಯೇ ಎಂದು. ಇಲಾಖೆ ಕೇಳುವುದು, ಇವನು ಆ ಕುರ್ಚಿಯಲ್ಲಿ ಕೂರಲು ಯೋಗ್ಯನೇ ಎಂದು. ಅದಕ್ಕೆ ಅಷ್ಟು ಕಟ್ಟುನಿಟ್ಟಿನ ಪುರಾವೆ ಬೇಕಾಗಿಲ್ಲ. ಯಾವ ಸಂಗತಿ ನಡೆದಿರುವ ಸಂಭವ ಹೆಚ್ಚು ಎಂದು ತೂಗಿ ನೋಡಿದರೆ ಸಾಕು. ಕೋರ್ಟಿನಲ್ಲಿ ಸಂಶಯದ ಲಾಭ ಪಡೆದು ಬಿಡುಗಡೆಯಾದವನನ್ನು ಇಲಾಖೆ ಮನೆಗೆ ಕಳಿಸಬಹುದು, ಇದರಲ್ಲಿ ವಿರೋಧವಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಇದು ನ್ಯಾಯವಾದ ಏರ್ಪಾಟು. ಒಬ್ಬನ ಸ್ವಾತಂತ್ರ್ಯ ಕಸಿಯಲು ಬೇಕಾದ ಪುರಾವೆಯೇ ಬೇರೆ, ಅವನ ಕೈಯಿಂದ ಸರ್ಕಾರದ ಮೊಹರು ತೆಗೆದುಕೊಳ್ಳಲು ಬೇಕಾದ ಪುರಾವೆಯೇ ಬೇರೆ.

ಮಂತ್ರಿಗೆ ಈ ಎರಡನೆಯ ವಿಚಾರಣೆ ಇಲ್ಲ. ಇಂದಿನ ಎಲ್ಲ ಮಾತಿನ ತಿರುಳು ಇಷ್ಟೇ.

2011ನ್ನು ನೆನಪಿಸಿಕೊಳ್ಳಿ. ಜುಲೈ 27ರಂದು ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಜುಲೈ 31ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ವರದಿ ಆಧರಿಸಿ ದಾಖಲಾದ ಮೊಕದ್ದಮೆಯನ್ನು 2012ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಅದೇ ವರ್ಷ ಡಿಸೆಂಬರ್ 9ರಂದು ಇದೇ ಹಾವೇರಿಯಲ್ಲಿ ಅವರ ಹೊಸ ಪಕ್ಷದ ಸಮಾವೇಶ ನಡೆಯಿತು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಹಲವರು ಆ ಜನಜಾತ್ರೆಯನ್ನು ಕಣ್ಣಾರೆ ಕಂಡವರು. ಸಿಬಿಐ ಹೂಡಿದ್ದ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. 2019ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದರು.

ಆ ಖುಲಾಸೆಯನ್ನು ನಾನು ಪ್ರಶ್ನಿಸುತ್ತಿಲ್ಲ. ವಕೀಲನಾಗಿ ಅದನ್ನು ಗೌರವಿಸುತ್ತೇನೆ. ಆದರೆ ಕೋರ್ಟು ನಿರ್ಣಯಿಸಿದ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಮುಖ್ಯಮಂತ್ರಿಯ ಮನೆಯವರು ನಡೆಸುವ ಟ್ರಸ್ಟ್ ಗಣಿ ಕಂಪನಿಯೊಂದರಿಂದ ದೇಣಿಗೆ ಪಡೆಯುವುದು ಸರಿಯೇ? ಆ ದೇಣಿಗೆಗೆ ಪ್ರತಿಯಾಗಿ ಯಾವುದಾದರೂ ಕಡತಕ್ಕೆ ಸಹಿ ಬಿತ್ತೇ ಎಂಬುದು ಅಪರಾಧದ ಪ್ರಶ್ನೆ. ಸಹಿ ಬೀಳದಿದ್ದರೂ ದೇಣಿಗೆ ತೆಗೆದುಕೊಳ್ಳಬಾರದಿತ್ತೇ ಎಂಬುದು ನೀತಿಯ ಪ್ರಶ್ನೆ. ಈ ಎರಡನೆಯದನ್ನು ನಮ್ಮ ವಿಧಾನಸಭೆ ಕೈಗೆತ್ತಿಕೊಂಡು, ಇದು ಸರಿ ಅಥವಾ ಇದು ತಪ್ಪು, ಇನ್ನು ಮುಂದೆ ಯಾರೂ ಮಾಡಕೂಡದು ಎಂದು ನಿರ್ಣಯಿಸಬೇಕಾಗಿತ್ತು. ಅದು ಆಗಲಿಲ್ಲ. ಹಾಗಾಗಿ ಮುಂದಿನ ಮುಖ್ಯಮಂತ್ರಿಗೂ, ಅದರ ಮುಂದಿನವರಿಗೂ ಗೆರೆ ಎಲ್ಲಿದೆ ಎಂದು ಹೇಳುವವರು ಯಾರೂ ಇಲ್ಲ.

ಅದೇ ಗಣಿಯ ಕಥೆಯ ಇನ್ನೊಂದು ತುದಿ ನಮ್ಮ ರಸ್ತೆಯಲ್ಲೇ ಇದೆ. ಹೊಸಪೇಟೆಯಿಂದ ಕೊಪ್ಪಳ, ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಕಲಘಟಗಿ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವ ಹೆದ್ದಾರಿ ಅದು. ತಾಡಪತ್ರಿ ಹೊದ್ದ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ರಸ್ತೆ ಬದಿಯ ಮರಗಳ ಎಲೆ ಕೆಂಪಾಗಿರುತ್ತಿತ್ತು. ಆ ಅದಿರು ಸೇರುತ್ತಿದ್ದ ಬೇಲೆಕೇರಿ ಬಂದರಿನಲ್ಲಿ 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಸುಮಾರು 8 ಲಕ್ಷ ಟನ್ ಜಪ್ತಿ ಮಾಡಿತು. ಜಪ್ತಿಯಾದ ಅದಿರಿನಲ್ಲಿ ಬಹುಭಾಗ ಹಡಗು ಹತ್ತಿ ಹೋಯಿತು. ಜಪ್ತಿ ಮಾಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಸಂತೋಷ್ ಹೆಗ್ಡೆ ಅವರು ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಬರೆದುಕೊಟ್ಟಿದ್ದರು, ಬಳಿಕ ಹಿಂದಕ್ಕೆ ಪಡೆದರು. ಈ ಪ್ರಕರಣದಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಮರು ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜಪ್ತಿಯಿಂದ ತೀರ್ಪಿನವರೆಗೆ 14 ವರ್ಷ. ಅಷ್ಟರಲ್ಲಿ ಅವರು ಎರಡು ಸಲ ಶಾಸಕರಾಗಿದ್ದರು.

ಇಷ್ಟಾದರೂ ಗಣಿ ಲೂಟಿ ನಿಂತಿತಲ್ಲ ಎಂದು ನೀವು ಕೇಳಬಹುದು. ನಿಂತಿತು, ನಿಜ. ಅದನ್ನು ನಿಲ್ಲಿಸಿದ್ದು ಸದನವಲ್ಲ, ಯಾವುದೇ ಪಕ್ಷದ ಶಿಸ್ತು ಸಮಿತಿಯೂ ಅಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎಸ್.ಆರ್. ಹಿರೇಮಠ ಮತ್ತು ಅವರ ಸಂಗಡಿಗರು ಕಾಗದಪತ್ರ ಹೊತ್ತು ದೆಹಲಿಗೆ ಅಲೆದರು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟ್ ಆದೇಶಿಸಿತು. ನಮ್ಮ ಊರಿನ ಪಕ್ಕದ ಜನ ಮಾಡಿದ ಈ ಕೆಲಸವನ್ನು ಪಠ್ಯದಲ್ಲಿ ಓದುವ ಭಾಗ್ಯ ಇಲ್ಲಿನ ವಿದ್ಯಾರ್ಥಿಗಳಿಗೆ ಸಿಗಲಿ ಎಂದು ಬಯಸುತ್ತೇನೆ.

ಈಗ ಅಪರಾಧವೇ ಅಲ್ಲದ, ಪೂರ್ತಿ ನೀತಿಗೇ ಸೇರಿದ ಒಂದು ಪ್ರಸಂಗ. 2012ರ ಫೆಬ್ರುವರಿ 7. ವಿಧಾನಸಭೆಯ ಕಲಾಪ ನಡೆಯುತ್ತಿದ್ದಾಗ ಮಂತ್ರಿಗಳು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದು ವಾಹಿನಿಗಳ ಕ್ಯಾಮೆರಾದಲ್ಲಿ ಸೆರೆಯಾಯಿತು. ರೇವ್ ಪಾರ್ಟಿಯ ಕುರಿತ ಚರ್ಚೆಗಾಗಿ ನೋಡುತ್ತಿದ್ದೆ ಎಂದು ಲಕ್ಷ್ಮಣ ಸವದಿ ವಿವರಣೆ ಕೊಟ್ಟರು. ಮರುದಿನ ಅವರೂ, ಗದಗ ಜಿಲ್ಲೆಯ ನರಗುಂದದ ಶಾಸಕ ಸಿ.ಸಿ. ಪಾಟೀಲರೂ, ಕೃಷ್ಣ ಪಾಲೇಮಾರ್ ಅವರೂ ಮಂತ್ರಿಸ್ಥಾನ ಬಿಟ್ಟರು. ಪಾಟೀಲರ ಕೈಯಲ್ಲಿದ್ದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ. ಸದನ ಸಮಿತಿ ರಚನೆಯಾಯಿತು. 2019ರಲ್ಲಿ ಸವದಿ ಉಪಮುಖ್ಯಮಂತ್ರಿಯಾದರು, ಅದೂ ಹಿಂದಿನ ವರ್ಷದ ಚುನಾವಣೆಯಲ್ಲಿ ಸೋತಿದ್ದರೂ. ಪಾಟೀಲರು ಮತ್ತೆ ಮಂತ್ರಿಯಾದರು. ಮನುಷ್ಯನಿಗೆ ತಿದ್ದಿಕೊಳ್ಳುವ ಅವಕಾಶ ಇರಬೇಕು, ಒಮ್ಮೆ ಎಡವಿದವನನ್ನು ಜೀವನಪೂರ್ತಿ ಹೊರಗಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಎಷ್ಟು ಕಾಲ ಹೊರಗಿರಬೇಕು, ಮರಳಿ ಬರುವಾಗ ಸದನಕ್ಕೆ ಏನು ಹೇಳಬೇಕು ಎಂಬ ನಿಯಮವಾದರೂ ಇರಬೇಕಲ್ಲವೇ? ನಿಯಮ ಬರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ವಿಧಾನಸಭೆಯ ಒಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ನಿರ್ಬಂಧ ಬಂತು.

ಇದು ಒಂದೇ ಪಕ್ಷದ ಕಥೆ ಎಂದು ಭಾವಿಸಬೇಡಿ. 2016ರ ಜುಲೈನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಆತ್ಮಹತ್ಯೆಯ ಪ್ರಕರಣದಲ್ಲಿ ಹೆಸರು ಬಂದು ಕಾಂಗ್ರೆಸ್ ಸರ್ಕಾರದ ಮಂತ್ರಿ ಕೆ.ಜೆ. ಜಾರ್ಜ್ ರಾಜೀನಾಮೆ ಕೊಟ್ಟರು. ಸಿಐಡಿ ಆರೋಪದಿಂದ ಮುಕ್ತಗೊಳಿಸಿದ ಮೇಲೆ ಸೆಪ್ಟೆಂಬರ್‌ನಲ್ಲೇ ಸಂಪುಟಕ್ಕೆ ಮರಳಿದರು. ಮುಂದೆ ಸಿಬಿಐ ತನಿಖೆಯೂ ಅವರ ವಿರುದ್ಧ ಏನನ್ನೂ ಕಾಣಲಿಲ್ಲ. ಅದು ಸರಿಯಾದ ಫಲಿತಾಂಶವೇ ಇರಬಹುದು. ನನಗೆ ಕಾಡುವುದು, ಮಂತ್ರಿಯನ್ನು ತನಿಖೆ ಮಾಡಿದ್ದು ಅದೇ ಸರ್ಕಾರದ ಪೊಲೀಸ್ ಎಂಬ ಸಂಗತಿ. ಸ್ವತಂತ್ರ ಸಂಸ್ಥೆಯೊಂದು ಮೊದಲೇ ನೋಡಿ ಹೇಳಿದ್ದರೆ ಆ ಮಾತಿಗೆ ಹೆಚ್ಚು ತೂಕ ಬರುತ್ತಿತ್ತು, ಜಾರ್ಜ್ ಅವರಿಗೂ ಅದು ಒಳ್ಳೆಯದಾಗುತ್ತಿತ್ತು.

ನಮ್ಮ ಜಿಲ್ಲೆಗೆ ಬರೋಣ. 2019ರ ಜುಲೈನಲ್ಲಿ ಸ್ಪೀಕರ್ ರಮೇಶ್ ಕುಮಾರ್ ಅವರು 17 ಶಾಸಕರನ್ನು ಪಕ್ಷಾಂತರಕ್ಕಾಗಿ ಅನರ್ಹಗೊಳಿಸಿದರು. ಅವರಲ್ಲಿ ಇಬ್ಬರು ನಮ್ಮವರು, ರಾಣೇಬೆನ್ನೂರಿನ ಆರ್. ಶಂಕರ್ ಮತ್ತು ಹಿರೇಕೆರೂರಿನ ಬಿ.ಸಿ. ಪಾಟೀಲ್. ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸುವಂತಿಲ್ಲ ಎಂದು ಸ್ಪೀಕರ್ ಆದೇಶಿಸಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಸ್ಪರ್ಧೆಯ ಮೇಲಿನ ತಡೆಯನ್ನು ತೆಗೆದುಹಾಕಿತು. ಪಕ್ಷಾಂತರ ತಡೆಯುವ, ಸಂವಿಧಾನದ ಹತ್ತನೆಯ ಅನುಸೂಚಿಯಲ್ಲಿ ಅಂಥ ಅಧಿಕಾರ ಸ್ಪೀಕರ್‌ಗೆ ಇಲ್ಲ, ಕೋರ್ಟಿನ ಓದು ಸರಿಯಾದದ್ದೇ. ಡಿಸೆಂಬರ್ 5ರಂದು ಉಪಚುನಾವಣೆ. ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲ್ ಗೆದ್ದರು, 2020ರ ಫೆಬ್ರುವರಿ 6ರಂದು ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಶಂಕರ್‌ ಅವರಿಗೆ ಟಿಕೆಟ್ ಸಿಗಲಿಲ್ಲ. ಅವರು ವಿಧಾನ ಪರಿಷತ್ತಿನ ದಾರಿಯಿಂದ ಬಂದು 2021ರ ಜನವರಿಯಲ್ಲಿ ಮಂತ್ರಿಯಾದರು. ಅನರ್ಹತೆ ಎಂಬ ಶಿಕ್ಷೆ ಮಂತ್ರಿಗಿರಿಗೆ ಮೆಟ್ಟಿಲಾಯಿತು. ಆ ಮೆಟ್ಟಿಲು ಕಟ್ಟಲು ಖರ್ಚಾದದ್ದು ಉಪಚುನಾವಣೆಯ ಸರ್ಕಾರಿ ಹಣ, ಅಂದರೆ ನಿಮ್ಮ ಹಣ.

ಜನರೇ ಶಿಕ್ಷೆ ಕೊಡುತ್ತಾರೆ, ಜನತಾ ನ್ಯಾಯಾಲಯವೇ ದೊಡ್ಡದು ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ. 2023ರಲ್ಲಿ ಹಿರೇಕೆರೂರಿನಲ್ಲಿ ಪಾಟೀಲರೂ, ರಾಣೇಬೆನ್ನೂರಿನಲ್ಲಿ ಶಂಕರ್ ಅವರೂ ಸೋತರು. ಅದನ್ನು ಪಕ್ಷಾಂತರಕ್ಕೆ ಸಿಕ್ಕ ಶಿಕ್ಷೆ ಎಂದು ಓದಲು ನನಗೆ ಮನಸ್ಸು ಬರುವುದಿಲ್ಲ. ಮತದಾರನ ಕೈಯಲ್ಲಿರುವುದು ಒಂದೇ ಮತ. ಕೆರೆ ತುಂಬಿಸಿದ್ದಕ್ಕೆ, ರಸ್ತೆ ಕೆಟ್ಟಿದ್ದಕ್ಕೆ, ಗೊಬ್ಬರ ಸಿಗದಿದ್ದಕ್ಕೆ, ಜಾತಿಗೆ, ಪಕ್ಷಕ್ಕೆ, ಎಲ್ಲದಕ್ಕೂ ಐದು ವರ್ಷಕ್ಕೊಮ್ಮೆ ಆ ಒಂದೇ ಮತ. ಅದರ ಮೇಲೆ ನೀತಿಯ ತೀರ್ಪಿನ ಹೊರೆಯನ್ನೂ ಹೊರಿಸುವುದು ಮತದಾರನಿಗೆ ಮಾಡುವ ಅನ್ಯಾಯ. ಚುನಾವಣೆಯಲ್ಲಿ ಗೆದ್ದವನು ನಿರ್ದೋಷಿಯೂ ಅಲ್ಲ, ಸೋತವನು ದೋಷಿಯೂ ಅಲ್ಲ.

ಚುನಾವಣೆಯ ಅಕ್ರಮದ ಬಗ್ಗೆಯೂ ಒಂದು ಮಾತು. ತುಮಕೂರು ಗ್ರಾಮಾಂತರದಲ್ಲಿ 2018ರಲ್ಲಿ ನಕಲಿ ವಿಮಾ ಬಾಂಡ್ ಹಂಚಿದ ಆರೋಪದ ಮೇಲೆ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನು ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಮಾರ್ಚ್ 30ರಂದು. ಹಿಂದಿನ ದಿನವೇ ಮುಂದಿನ ಚುನಾವಣೆಯ ವೇಳಾಪಟ್ಟಿ ಪ್ರಕಟವಾಗಿತ್ತು. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಆಸ್ತಿ ಮುಚ್ಚಿಟ್ಟರೆ ಏನು? ಅದೇ ಕಾಯ್ದೆಯ 125ಎ ಕಲಮಿನಡಿ ಗರಿಷ್ಠ ಆರು ತಿಂಗಳ ಜೈಲು. ಸ್ಥಾನ ಹೋಗಲು ಎರಡು ವರ್ಷದ ಶಿಕ್ಷೆ ಬೇಕು. ಆ ಕಲಮಿನಡಿ ಶಿಕ್ಷೆಯಾದರೂ ಅಷ್ಟರಿಂದಲೇ ಶಾಸಕತ್ವ ಹೋಗುವುದಿಲ್ಲ. ಶಿಕ್ಷೆ ಹೆಚ್ಚಿಸಬೇಕಾದ ಜಾಗವೆಂದರೆ ಇದೊಂದು ಎಂದು ಒಪ್ಪುತ್ತೇನೆ.

ಸದನಗಳಿಗೆ ಶಿಕ್ಷಿಸಲು ಬರುವುದಿಲ್ಲ ಎಂದೇನೂ ಇಲ್ಲ. 1951ರಲ್ಲಿ ಎಚ್.ಜಿ. ಮುದ್ಗಲ್ ಎಂಬ ಸದಸ್ಯರು ಮುಂಬೈನ ಚಿನಿವಾರ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಸಂಸತ್ತಿನಲ್ಲಿ ಅವರ ಪರ ಕೆಲಸ ಮಾಡಿದ್ದು ಬಯಲಾಯಿತು. ಸಮಿತಿ ವಿಚಾರಿಸಿತು, ನೆಹರೂ ಅವರೇ ಉಚ್ಚಾಟನೆಯ ನಿರ್ಣಯ ಮಂಡಿಸಿದರು. ಮೊದಲ ಸಾರ್ವತ್ರಿಕ ಚುನಾವಣೆಯೂ ಆಗದಿದ್ದ ಕಾಲದಲ್ಲಿ, ಸ್ವಂತ ಪಕ್ಷದ ಸದಸ್ಯನ ವಿರುದ್ಧ. 2005ರ ಡಿಸೆಂಬರ್ 12ರಂದು ಪ್ರಶ್ನೆ ಕೇಳಲು ಹಣ ಪಡೆಯುವ ದೃಶ್ಯಗಳು ಟಿವಿಯಲ್ಲಿ ಬಂದವು. ಡಿಸೆಂಬರ್ 23ರಂದು ಎರಡೂ ಸದನಗಳಿಂದ ಒಟ್ಟು 11 ಸಂಸದರ ಉಚ್ಚಾಟನೆಯಾಯಿತು. ಮನಸ್ಸಿದ್ದರೆ ಹನ್ನೊಂದು ದಿನ ಸಾಕು. ನಮ್ಮ ವಿಧಾನಸಭೆ ಇನ್ನೂ ಚುರುಕು. 2025ರ ಮಾರ್ಚ್ 21ರಂದು ಪೀಠಕ್ಕೆ ಅಗೌರವ ತೋರಿದರೆಂದು 18 ಶಾಸಕರನ್ನು ಅದೇ ದಿನ ಆರು ತಿಂಗಳ ಮಟ್ಟಿಗೆ ಅಮಾನತು ಮಾಡಲಾಯಿತು. ಮೇ ತಿಂಗಳಲ್ಲಿ ಆದೇಶ ಹಿಂದಕ್ಕೆ ಪಡೆದರು. ಕಾಗದ ಹರಿದು ಎಸೆದದ್ದಕ್ಕೆ ಒಂದೇ ದಿನದಲ್ಲಿ ಕ್ರಮ. ನಾಡಿನ ಮತದಾರನಿಗೆ ಮಾಡಿದ ಅಗೌರವಕ್ಕೆ ಸಮಿತಿಯ ಮೇಲೆ ಸಮಿತಿ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಮರೆಮಾಚುವುದಿಲ್ಲ.

ಹಾಗಾದರೆ ಎಲ್ಲವನ್ನೂ ಸದನದ ಬಹುಮತಕ್ಕೇ ಬಿಡೋಣವೇ? ಅದೂ ಅಪಾಯ. 2023ರ ಡಿಸೆಂಬರ್ 8ರಂದು, ಪ್ರಶ್ನೆ ಕೇಳಲು ಲಾಭ ಪಡೆದ ಆರೋಪ ಹೊತ್ತಿದ್ದ ವಿರೋಧ ಪಕ್ಷದ ಸಂಸದೆ ಮಹುವಾ ಮೊಯಿತ್ರಾ ಅವರ ಕುರಿತ ನೈತಿಕ ಸಮಿತಿಯ ವರದಿ ಲೋಕಸಭೆಯಲ್ಲಿ ಮಂಡನೆಯಾಯಿತು, ಅದೇ ದಿನ ಅವರ ಉಚ್ಚಾಟನೆಯೂ ಆಯಿತು. ಸದನದಲ್ಲಿ ಮಾತನಾಡಲು ಅವರಿಗೆ ಅವಕಾಶ ಸಿಗಲಿಲ್ಲ. ಅವರು ಮಾಡಿದ್ದು ಸರಿಯೋ ತಪ್ಪೋ, ವಿಚಾರಣೆ ಹಾಗಿರಬಾರದು. ಕೃಷ್ಣಾನಗರದ ಜನ 2024ರಲ್ಲಿ ಅವರನ್ನು ಮತ್ತೆ ಗೆಲ್ಲಿಸಿದರು. ಬಹುಮತದ ಕೈಯಲ್ಲಿರುವ ದಂಡ ಎದುರಾಳಿಯ ಬೆನ್ನನ್ನೇ ಹುಡುಕುತ್ತದೆ.

ಇದೇ ಕಾರಣಕ್ಕೆ 2025ರ ಆಗಸ್ಟ್ 20ರಂದು ಮಂಡನೆಯಾದ ಸಂವಿಧಾನದ 130ನೆಯ ತಿದ್ದುಪಡಿ ಮಸೂದೆಯ ಬಗ್ಗೆ ನನಗೆ ಆತಂಕವಿದೆ. ಐದು ವರ್ಷ ಅಥವಾ ಹೆಚ್ಚು ಶಿಕ್ಷೆಯ ಆರೋಪದಲ್ಲಿ 30 ದಿನ ಸತತ ಬಂಧನದಲ್ಲಿದ್ದರೆ ಮಂತ್ರಿಸ್ಥಾನ ಹೋಗಬೇಕು ಎಂಬುದು ಅದರ ಸಾರ. ಗುಮಾಸ್ತನಿಗೆ 48 ಗಂಟೆಯಾದರೆ ಮಂತ್ರಿಗೆ 30 ದಿನ ಏಕಿರಬಾರದು ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಗುಮಾಸ್ತನನ್ನು ಬಂಧಿಸುವವರಿಗೆ ಅವನ ಕುರ್ಚಿಯ ಮೇಲೆ ಆಸೆ ಇರುವುದಿಲ್ಲ. ಮಂತ್ರಿಯನ್ನು ಬಂಧಿಸುವ ಸಂಸ್ಥೆ ಅವನ ಎದುರಾಳಿಯ ಅಧೀನದಲ್ಲಿರಬಹುದು. ಬಂಧನವನ್ನೇ ತೀರ್ಪು ಮಾಡಿದರೆ ನಾವು ಮತ್ತೆ ಪೊಲೀಸರ ಹತ್ತಿರವೇ ನೀತಿಯನ್ನು ಒಯ್ದಂತಾಯಿತು.

ಬೇಕಾಗಿರುವುದು ಪಕ್ಷದ ಕೈಗೆ ಸಿಗದ ಎರಡನೆಯ ವಿಚಾರಣೆ. ಅದರ ಬೀಜ ನಮ್ಮದೇ ಕಾನೂನಿನಲ್ಲಿದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 13ನೆಯ ಕಲಮನ್ನು ವಿದ್ಯಾರ್ಥಿಗಳು ಇಂದು ರಾತ್ರಿಯೇ ಓದಿ. ದೂರು ರುಜುವಾತಾಗಿದೆ, ಈ ವ್ಯಕ್ತಿ ಹುದ್ದೆಯಲ್ಲಿ ಮುಂದುವರಿಯಬಾರದು ಎಂದು ಲೋಕಾಯುಕ್ತರು ಘೋಷಿಸಬಹುದು. ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಅದನ್ನು ತಿರಸ್ಕರಿಸದಿದ್ದರೆ ಒಪ್ಪಿದಂತೆಯೇ. ಜೈಲಿನ ಮಾತಿಲ್ಲ, ಹುದ್ದೆಯ ಮಾತು ಮಾತ್ರ. ನಾನು ಹೇಳುತ್ತಿರುವ ನಡುವಿನ ಶಿಕ್ಷೆ ಇದೇ. ಆದರೆ ಮಂತ್ರಿಯ ವಿಷಯದಲ್ಲಿ ತಿರಸ್ಕರಿಸುವ ಅಧಿಕಾರ ಇರುವುದು ಮುಖ್ಯಮಂತ್ರಿಯ ಕೈಯಲ್ಲಿ. ತಿರಸ್ಕರಿಸಲಿ, ಬೇಡ ಎನ್ನುವುದಿಲ್ಲ, ಕಾರಣವನ್ನು ಬರೆದು ಸದನದ ಮುಂದಿಟ್ಟು ಚರ್ಚೆಗೆ ಒಡ್ಡಬೇಕು ಎಂಬ ಒಂದು ಸಾಲು ಕಾಯ್ದೆಗೆ ಸೇರಿದರೂ ದೊಡ್ಡ ಬದಲಾವಣೆ. ಲೋಕಾಯುಕ್ತದ ಹಲ್ಲು ಕೀಳಲು 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಬಂತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರ ಮರಳಿಸಿತು. ಆರು ವರ್ಷ ಹಾಳಾದವು. ಲೋಕಾಯುಕ್ತ ಸಂಸ್ಥೆಯೂ ಕಳಂಕ ಹೊತ್ತಿದೆ, 2015ರಲ್ಲಿ ಲೋಕಾಯುಕ್ತರ ಮಗನ ಮೇಲೆಯೇ ಸುಲಿಗೆಯ ಆರೋಪ ಬಂದು ಅವರು ರಾಜೀನಾಮೆ ಕೊಡಬೇಕಾಯಿತು. ಆದ್ದರಿಂದ ಸಂಸ್ಥೆಯ ನೇಮಕಾತಿಯ ಮೇಲೂ ನಮ್ಮ ಕಣ್ಣಿರಬೇಕು.

ಬ್ರಿಟನ್ನಿನಲ್ಲಿ 2015ರಿಂದ ಒಂದು ಕಾನೂನಿದೆ. ಸದನ ಒಬ್ಬ ಸದಸ್ಯನನ್ನು ಹತ್ತು ಕಲಾಪದ ದಿನಗಳಷ್ಟು ಅಮಾನತು ಮಾಡಿದರೆ ಅವನ ಕ್ಷೇತ್ರದಲ್ಲಿ ಸಹಿ ಸಂಗ್ರಹ ಆರಂಭವಾಗುತ್ತದೆ. ಆರು ವಾರದಲ್ಲಿ ನೂರಕ್ಕೆ ಹತ್ತು ಮತದಾರರು ಸಹಿ ಹಾಕಿದರೆ ಉಪಚುನಾವಣೆ. ಇಲ್ಲಿ ಮತದಾರನ ಮುಂದಿರುವುದು ಆ ಒಂದೇ ಪ್ರಶ್ನೆ, ಕೆರೆಯೂ ರಸ್ತೆಯೂ ಅಲ್ಲ. ಅದನ್ನು ಹಾಗೆಯೇ ತಂದು ಹಿರೇಕೆರೂರಿನಲ್ಲಿ ನೆಡಲು ಆಗದು, ಆದರೆ ಯೋಚಿಸಲು ಒಳ್ಳೆಯ ಮಾದರಿ.

ಕೊನೆಯದಾಗಿ, ಕಾನೂನು ಬದಲಾಗುವವರೆಗೆ ಕಾಯದೆ ಮಾಡಬಹುದಾದ ಕೆಲಸ. ಅದೇ ಲೋಕಾಯುಕ್ತ ಕಾಯ್ದೆಯ 22ನೆಯ ಕಲಮಿನಂತೆ ಪ್ರತಿಯೊಬ್ಬ ಶಾಸಕನೂ ಪ್ರತಿ ವರ್ಷ ಜೂನ್ 30ರೊಳಗೆ ತನ್ನ ಮತ್ತು ಕುಟುಂಬದ ಆಸ್ತಿ ಹಾಗೂ ಸಾಲದ ವಿವರ ಸಲ್ಲಿಸಬೇಕು. ಸಲ್ಲಿಸದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳ ಶಾಸಕರು ಈ ವರ್ಷ ಸಲ್ಲಿಸಿದ್ದಾರೆಯೇ, ಯಾವ ದಿನ ಸಲ್ಲಿಸಿದರು, ಸಲ್ಲಿಸದಿದ್ದರೆ ಲೋಕಾಯುಕ್ತರು ಏನು ಕ್ರಮ ಕೈಗೊಂಡರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದಗಳ ಒಳಗೆ ಬರೆಯಬೇಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಅರ್ಜಿಯ ಕರಡು ಬರೆದು ತಂದಿದ್ದೇನೆ. ಸಹಿ ಹಾಕುವವರು ವೇದಿಕೆಯ ಬಲಗಡೆಯ ಮೇಜಿನ ಹತ್ತಿರ ಬನ್ನಿ, ಪ್ರತಿಗಳು ಅಲ್ಲಿವೆ. ನಿಮ್ಮ ನಿಮ್ಮ ಕ್ಷೇತ್ರದ ಶಾಸಕರ ಹೆಸರಿಗೆ ಜಾಗ ಖಾಲಿ ಬಿಟ್ಟಿದ್ದೇನೆ.